ಯಾರು ಕಾಯಬಲ್ಲರು? ರಾಮನಗರದ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಮ್ಯಾನೇಜ್‌ಮೆಂಟ್ ಪಾಠ

ನಮ್ಮ ಕ್ಯಾಂಪಸ್ಸಿನಲ್ಲಿ ಬಿಬಿಎ ಅಂದ ತಕ್ಷಣ ಒಂದು ನಗು ಬರುತ್ತೆ. ಏನೂ ಸಿಗದವರು ತಗೊಳ್ಳೋ ಕೋರ್ಸು ಅನ್ನೋ ಧಾಟಿ. ಅದರಲ್ಲೂ ಸಣ್ಣ ಊರಿನ ಸಣ್ಣ ಕಾಲೇಜಿನ ಬಿಬಿಎ ಅಂದರೆ ಕೇಳೋದೇ ಬೇಡ. ಆದರೆ ಮ್ಯಾನೇಜ್‌ಮೆಂಟ್ ಅನ್ನೋ ವಿಷಯಕ್ಕೆ ಅಡಿಪಾಯ ಹಾಕಿದವರಲ್ಲಿ ಎಂಜಿನಿಯರ್‌ಗಳೇ ಮೊದಲಿಗರು. 1911ರಲ್ಲಿ ಸೈಂಟಿಫಿಕ್ ಮ್ಯಾನೇಜ್‌ಮೆಂಟ್ ಬಗ್ಗೆ ಪುಸ್ತಕ ಬರೆದ ಫ್ರೆಡರಿಕ್ ಟೇಲರ್ ಮೆಕ್ಯಾನಿಕಲ್ ಎಂಜಿನಿಯರ್. ಆಡಳಿತದ 14 ತತ್ವಗಳನ್ನು ಕೊಟ್ಟ ಫ್ರಾನ್ಸಿನ ಹೆನ್ರಿ ಫೇಯೋಲ್ ಗಣಿ ಎಂಜಿನಿಯರ್. ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಕುವ ಗ್ಯಾಂಟ್ ಚಾರ್ಟಿನ ಹೆನ್ರಿ ಗ್ಯಾಂಟ್ ಕೂಡ ಮೆಕ್ಯಾನಿಕಲ್ಲೇ. ಅಂದರೆ ನಾವು ನಗುತ್ತಿರುವುದು ನಮ್ಮದೇ ಮನೆಯ ವಿಷಯಕ್ಕೆ.

ನನ್ನ ಅತ್ತೆ ಮಗಳು ಚನ್ನಪಟ್ಟಣದ ಒಂದು ಸಣ್ಣ ಕಾಲೇಜಿನಲ್ಲಿ ಬಿಬಿಎ ಓದುತ್ತಾಳೆ. ಕ್ಲಾಸಿನಲ್ಲಿ ಮೂವತ್ತು ಚಿಲ್ಲರೆ ಜನ. ಅವಳ ಪುಸ್ತಕದ ಉದಾಹರಣೆಗಳೆಲ್ಲ ಅಮೆರಿಕದ ಕಂಪನಿಗಳವು, ಇಲ್ಲದಿದ್ದರೆ ಮುಂಬೈನವು. "ಕಾಲೇಜಿಂದ ನಡ್ಕೊಂಡು ಹೋದ್ರೆ ಬೊಂಬೆ ಅಂಗಡಿ, ಬಸ್ ಹತ್ತಿದ್ರೆ ಗೂಡಿನ ಮಾರ್ಕೆಟ್ಟು. ಪುಸ್ತಕದಲ್ಲಿ ಮಾತ್ರ ಎರಡೂ ಇಲ್ಲ ಕಣೋ" ಅಂದಳು. ಆ ಮಾತು ಹಿಡಿದುಕೊಂಡು ಅವಳ ಸಿಲಬಸ್ಸಿನ ಕೆಲವು ವಿಷಯಗಳನ್ನು ಅವಳದೇ ಜಿಲ್ಲೆಯಲ್ಲಿ ಇಟ್ಟು ಓದುವ ಪ್ರಯತ್ನ ಈ ಲೇಖನ. ನಮಗೂ ಮ್ಯಾನೇಜ್‌ಮೆಂಟ್ ಪೇಪರ್ ಬಂದೇ ಬರುತ್ತೆ, ಆಗ ಉಪಯೋಗಕ್ಕೆ ಬರಲಿ.

ಮೊದಲು ಕೋರ್ಸಿನ ಬಗ್ಗೆ ಎರಡು ಮಾತು. ಬೆಂಗಳೂರು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಈ ಪದವಿಯನ್ನು ಹಿಂದೆ ಬಿಬಿಎಂ ಅಂತ ಕರೆಯುತ್ತಿದ್ದರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ನಾಲ್ಕು ವರ್ಷದ ಪದವಿಯ ಮಾತು ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಅದೇ 2024-25ರಲ್ಲಿ ಬಿಬಿಎ, ಬಿಸಿಎ ಕೋರ್ಸುಗಳೂ ಎಐಸಿಟಿಇ ವ್ಯಾಪ್ತಿಗೆ ಬಂದವು. ನಮ್ಮ ಕಾಲೇಜಿಗೆ ಅನುಮತಿ ಕೊಡುವ ಸಂಸ್ಥೆಯೇ ಈಗ ಅವರಿಗೂ ಅನುಮತಿ ಕೊಡಬೇಕು. ಓದುವ ವಿಷಯಗಳು ಮ್ಯಾನೇಜ್‌ಮೆಂಟ್ ತತ್ವಗಳು, ಅಕೌಂಟ್ಸ್, ಕಾಸ್ಟ್ ಅಕೌಂಟಿಂಗ್, ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಮ್ಯಾತ್ಸ್, ಕಾನೂನು.

ಇನ್ನು ಜಾಗ. ರಾಮನಗರ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆ ಆಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇದರ ಹಳೆಯ ನಾಲ್ಕು ತಾಲ್ಲೂಕುಗಳು. ಒಂದೊಂದು ತಾಲ್ಲೂಕಿನಿಂದ ಒಂದೊಂದು ಸರಕು ತಗೊಳ್ಳೋಣ: ಹಾಲು, ರೇಷ್ಮೆ ಗೂಡು, ಅವರೆಕಾಯಿ, ಬೊಂಬೆ. ನಾಲ್ಕಕ್ಕೂ ಒಂದೇ ಪ್ರಶ್ನೆ ಕೇಳೋಣ. ಈ ಸರಕು ಎಷ್ಟು ಹೊತ್ತು ಕಾಯುತ್ತೆ? ಕೊಳ್ಳುವವನು, ಮಾರುವವನು ಇಬ್ಬರಲ್ಲಿ ಯಾರು ಕಾಯಬಲ್ಲರು?

ಈ ಒಂದು ಪ್ರಶ್ನೆ ಸರಿಯಾಗಿ ಅರ್ಥವಾದರೆ ಬಿಬಿಎಯ ಅರ್ಧ ಸಿಲಬಸ್ ಅರ್ಥವಾದಂತೆ ಅನ್ನೋದು ನನ್ನ ವಾದ.

ಪಾಠ 1: ಹಾಲು, ಅಂದರೆ ಕೆಲವೇ ಗಂಟೆ

ಕನಕಪುರ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೈರಿ ಮುಂದೆ ಕ್ಯಾನು ಹಿಡಿದು ನಿಂತವರನ್ನು ನೋಡಿರುತ್ತೀರಿ. ಕರೆದ ಹಾಲು ಸುಮ್ಮನೆ ಇಟ್ಟರೆ ಕೆಲವೇ ಗಂಟೆಗಳಲ್ಲಿ ಕೆಡುತ್ತೆ. ಅಷ್ಟರೊಳಗೆ ಮಾರಲೇಬೇಕು. ಕೊಳ್ಳುವವನಿಗೆ ಇದು ಗೊತ್ತು. ಊರಿಗೆ ಒಬ್ಬನೇ ಖಾಸಗಿ ವ್ಯಾಪಾರಿ ಬರುವುದಾದರೆ ಅವನು ಹೇಳಿದ್ದೇ ರೇಟು. "ಬೇಡ ಅಂದ್ರೆ ಬಿಡಿ" ಅಂತ ಅವನು ಹೇಳಬಲ್ಲ, ರೈತ ಹೇಳಲಾರ.

ಇದನ್ನು ಪುಸ್ತಕದಲ್ಲಿ ಬಾರ್ಗೇನಿಂಗ್ ಪವರ್ ಅಂತಾರೆ. ಚೌಕಾಸಿಯಲ್ಲಿ ಗೆಲ್ಲುವುದು ಜೋರಾಗಿ ಮಾತಾಡುವವನಲ್ಲ, ಎದ್ದು ಹೋಗಬಲ್ಲವನು. ಎದ್ದು ಹೋಗಬೇಕಾದರೆ ಕಾಯುವ ಶಕ್ತಿ ಬೇಕು.

ಇದಕ್ಕೆ ಹುಡುಕಿಕೊಂಡ ಉತ್ತರವೇ ಸಹಕಾರಿ ವ್ಯವಸ್ಥೆ. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಶುರುವಾಗಿ, 1970ರ ಆಪರೇಷನ್ ಫ್ಲಡ್ ಮೂಲಕ ದೇಶಕ್ಕೆ ಹರಡಿದ ಮಾದರಿ ಇದು. ಕರ್ನಾಟಕದಲ್ಲಿ ಇದಕ್ಕೆ ಮೂರು ಮೆಟ್ಟಿಲು. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘ. ಅದರ ಮೇಲೆ ಒಕ್ಕೂಟ. ಕನಕಪುರಕ್ಕೆ ಅದು ಬೆಂಗಳೂರು ಹಾಲು ಒಕ್ಕೂಟ, ಎಲ್ಲರ ಬಾಯಲ್ಲಿ ಬಮುಲ್. ಕನಕಪುರದಲ್ಲೇ ಬಮುಲ್‌ನ ದೊಡ್ಡ ಡೈರಿ ಇದೆ. ಎಲ್ಲಕ್ಕಿಂತ ಮೇಲೆ ಕೆಎಂಎಫ್, ಅಂದರೆ ನಂದಿನಿ.

ಇದನ್ನು ಎಂಜಿನಿಯರಿಂಗ್ ಕಣ್ಣಲ್ಲಿ ನೋಡಿ. ಹಳ್ಳಿಯಲ್ಲೇ ಹಾಲು ತಣ್ಣಗೆ ಮಾಡುವ ಕೂಲರ್ ಬಂತು, ಅಂದರೆ ಕೆಲವು ಗಂಟೆ ಸಿಕ್ಕಿತು. ಪಾಶ್ಚರೀಕರಣದಿಂದ ಕೆಲವು ದಿನ ಸಿಕ್ಕಿತು. ಹಾಲಿನ ಪುಡಿಯಿಂದ ತಿಂಗಳುಗಳೇ ಸಿಕ್ಕಿದವು. ಎಮ್ಮೆ ಹಾಲಿನಿಂದ ಪುಡಿ ಮಾಡುವ ಕೆಲಸವನ್ನು ಅಮುಲ್‌ನಲ್ಲಿ ಎಚ್. ಎಂ. ದಲಾಯ 1950ರ ದಶಕದಲ್ಲಿ ಸಾಧಿಸಿದ ಮೇಲೆ, ಹಾಲು ಜಾಸ್ತಿ ಬರುವ ಕಾಲದಲ್ಲೂ ರೈತರಿಗೆ "ಇವತ್ತು ಹಾಲು ಬೇಡ" ಅನ್ನುವ ಅಗತ್ಯ ತಪ್ಪಿತು. ಯಂತ್ರ ಕೊಟ್ಟಿದ್ದು ಸಮಯ.

ಆದರೆ ಅದೇ ಕೂಲರ್, ಅದೇ ಪುಡಿ ಕಾರ್ಖಾನೆ ಒಬ್ಬ ಖಾಸಗಿ ವ್ಯಾಪಾರಿಯದೇ ಆಗಿದ್ದರೆ? ಕಾಯುವ ಶಕ್ತಿ ಅವನಿಗೆ ಬರುತ್ತಿತ್ತು, ರೈತನಿಗಲ್ಲ. ಸಂಘ ರೈತರದ್ದು, ಷೇರು ಎಷ್ಟೇ ಇರಲಿ ಒಬ್ಬ ಸದಸ್ಯನಿಗೆ ಒಂದೇ ಓಟು, ಹಾಲಿನ ರೇಟು ಕೊಬ್ಬು ಮತ್ತು ಎಸ್‌ಎನ್‌ಎಫ್ ಅಳತೆಯ ಮೇಲೆ. ಇವು ಮೂರೂ ಯಂತ್ರದ ವಿಷಯ ಅಲ್ಲ, ಮ್ಯಾನೇಜ್‌ಮೆಂಟ್ ವಿಷಯ. ಈ ಮಾದರಿಯನ್ನು ದೇಶಕ್ಕೆಲ್ಲ ಕಟ್ಟಿಕೊಟ್ಟ ವರ್ಗೀಸ್ ಕುರಿಯನ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅನ್ನೋದನ್ನೂ ಇಲ್ಲೇ ಬರೆದುಕೊಳ್ಳಿ.

ಪಾಠ 2: ರೇಷ್ಮೆ ಗೂಡು, ಅಂದರೆ ಕೆಲವೇ ದಿನ

ಈಗ ರಾಮನಗರಕ್ಕೆ ಬನ್ನಿ. ಇಲ್ಲಿನ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಅಂತಾರೆ. ಜಿಲ್ಲೆಯ ರೈತರಷ್ಟೇ ಅಲ್ಲ, ಹೊರ ಜಿಲ್ಲೆ, ಹೊರ ರಾಜ್ಯದವರೂ ಗೂಡು ತರುತ್ತಾರೆ.

ಗೂಡು ಯಾಕೆ ಕಾಯಲ್ಲ? ಮೊಟ್ಟೆ ಒಡೆದ ಮೇಲೆ ಹುಳ ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತೆ. ನಡುವೆ ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಡುತ್ತೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತೆ. ಆಮೇಲೆ ಹತ್ತು ಹನ್ನೆರಡು ದಿನ ಬಿಟ್ಟರೆ ಒಳಗಿನ ಪ್ಯೂಪಾ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ. ಒಂದೇ ಎಳೆಯಾಗಿ ಬಿಚ್ಚಬೇಕಾದ ನೂಲು ತುಂಡು ತುಂಡು. ಹಾಗಾಗಿ ಗೂಡು ಬಿಡಿಸಿದ ಮೇಲೆ ರೈತನ ಕೈಯಲ್ಲಿ ಇರುವುದು ಕೆಲವೇ ದಿನ. ತಿಂಗಳಿಡೀ ಮನೆಮಂದಿಯೆಲ್ಲ ಹಗಲೂ ರಾತ್ರಿ ಸೊಪ್ಪು ಹಾಕಿದ ಶ್ರಮದ ಬೆಲೆ ಒಂದು ಬೆಳಿಗ್ಗೆ ತೀರ್ಮಾನ ಆಗುತ್ತೆ.

ಇದಕ್ಕೆ ಹುಡುಕಿಕೊಂಡ ಉತ್ತರ ಸಹಕಾರ ಅಲ್ಲ, ಬಹಿರಂಗ ಹರಾಜು. ಗೂಡಿನ ವ್ಯಾಪಾರವನ್ನು ನಿಯಂತ್ರಿಸಲು 1959ರ ಕಾಯ್ದೆ ಇದೆ. ಗೂಡು ಮಾರುಕಟ್ಟೆಗೆ ಬರಬೇಕು, ಕೊಳ್ಳುವ ರೀಲರ್‌ಗೆ ಲೈಸೆನ್ಸ್ ಇರಬೇಕು. ರೈತ ಗೂಡು ಸುರಿದರೆ ಅದಕ್ಕೊಂದು ಲಾಟ್ ನಂಬರ್. ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡಿ ರೇಟು ಹಾಕುತ್ತಾರೆ. ಮೊದಲು ಬಾಯಲ್ಲಿ ಕೂಗುತ್ತಿದ್ದ ಹರಾಜು ಈಗ ಇ-ಹರಾಜು. ತೂಕ ಎಲೆಕ್ಟ್ರಾನಿಕ್. ರೇಟು ಒಪ್ಪಿಗೆ ಇಲ್ಲದಿದ್ದರೆ ರೈತ ಬೇಡ ಅನ್ನಬಹುದು.

ಪುಸ್ತಕದಲ್ಲಿ ಇದರ ಹೆಸರು ಪ್ರೈಸ್ ಡಿಸ್ಕವರಿ, ಬೆಲೆ ಕಂಡುಕೊಳ್ಳುವುದು. ಒಬ್ಬನ ಎದುರು ಒಬ್ಬ ನಿಂತರೆ ಕಾಯಲಾರದವನು ಸೋಲುತ್ತಾನೆ. ಒಬ್ಬ ರೈತನ ಎದುರು ಇಪ್ಪತ್ತು ರೀಲರ್‌ಗಳು ಪೈಪೋಟಿಗೆ ನಿಂತರೆ, ರೈತ ಕಾಯಲಾರದಿದ್ದರೂ ಆ ದಿನದ ನ್ಯಾಯವಾದ ಬೆಲೆಯ ಹತ್ತಿರಕ್ಕೆ ರೇಟು ಬರುತ್ತೆ. ಹರಾಜಿನ ನಿಯಮಗಳು ಕಾಯುವ ಶಕ್ತಿಯ ಬದಲಿಗೆ ನಿಲ್ಲುತ್ತವೆ.

ರೀಲರ್ ಅಂದರೆ ದೊಡ್ಡ ಸಾಹುಕಾರ ಅಂದುಕೊಳ್ಳಬೇಡಿ. ಎಷ್ಟೋ ಜನ ಮನೆ ಪಕ್ಕದ ಶೆಡ್ಡಿನಲ್ಲಿ ಕೆಲವೇ ಬೇಸಿನ್ ಇಟ್ಟುಕೊಂಡು ನೂಲು ಬಿಚ್ಚುವವರು. ಅವರ ಲೆಕ್ಕ ಒಂದು ಮಾಡಿ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಮಾರುಕಟ್ಟೆಯ ಇವತ್ತಿನ ರೇಟು ಅಲ್ಲ.

ಒಬ್ಬ ರೀಲರ್ ದಿನಕ್ಕೆ 70 ಕೆಜಿ ಗೂಡು, ಕೆಜಿಗೆ ₹500ರಂತೆ ಕೊಳ್ಳುತ್ತಾರೆ. ಖರ್ಚು ₹35,000. ಕೂಲಿ, ಸೌದೆ, ಕರೆಂಟು, ಬಾಡಿಗೆ ಸೇರಿ ₹8,000. ಒಟ್ಟು ₹43,000. ಉಳಿಯುವ ಪ್ಯೂಪಾ, ಸಿಲ್ಕ್ ವೇಸ್ಟ್ ಮಾರಿ ₹1,500 ಬರುತ್ತೆ. ನಿಜವಾದ ಖರ್ಚು ₹41,500.

ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನೋದಕ್ಕೆ ರೆಂಡಿಟ್ಟಾ ಅಂತ ಹೆಸರು. ರೆಂಡಿಟ್ಟಾ 7 ಆದರೆ 70 ಕೆಜಿ ಗೂಡಿನಿಂದ 10 ಕೆಜಿ ನೂಲು. ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವ ಬೆಲೆ ಕೆಜಿಗೆ ₹4,150. ಇದೇ ಬ್ರೇಕ್ ಈವನ್. ನೂಲಿಗೆ ₹4,300 ಸಿಕ್ಕರೆ ದಿನಕ್ಕೆ ₹1,500 ಲಾಭ.

ಈಗ ಗೂಡು ಸ್ವಲ್ಪ ತೆಳು, ರೆಂಡಿಟ್ಟಾ 7.5 ಅಂದುಕೊಳ್ಳಿ. ಅದೇ 70 ಕೆಜಿಗೆ ಸುಮಾರು 9.33 ಕೆಜಿ ನೂಲು. ಬ್ರೇಕ್ ಈವನ್ ₹4,446ಕ್ಕೆ ಏರಿತು. ಅದೇ ₹4,300ಕ್ಕೆ ಮಾರಿದರೆ ₹1,367 ನಷ್ಟ. ಕಣ್ಣಿಗೆ ಕಾಣದ ಅರ್ಧ ಪಾಯಿಂಟು ಲಾಭವನ್ನು ನಷ್ಟ ಮಾಡಿತು. ಗೂಡು ಅಲ್ಲಾಡಿಸಿ, ಕಿವಿ ಹತ್ತಿರ ಹಿಡಿದು ನೋಡೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಸರಕಿನ ಗುಣ ಕಾಣದಿದ್ದಾಗ ಕೊಳ್ಳುವವನು ಅನುಮಾನದಿಂದ ಎಲ್ಲರಿಗೂ ಕಡಿಮೆ ರೇಟು ಹಾಕುತ್ತಾನೆ, ಒಳ್ಳೆ ಸರಕಿನವನಿಗೆ ಅನ್ಯಾಯ ಆಗುತ್ತೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಉದಾಹರಣೆ ಇಟ್ಟು ವಿವರಿಸಿದ್ದು ಇದನ್ನೇ, 2001ರಲ್ಲಿ ನೊಬೆಲ್ ಹಂಚಿಕೊಂಡಿದ್ದೂ ಈ ಕೆಲಸಕ್ಕೇ.

ಇನ್ನೊಂದು ಲೆಕ್ಕ ಇದೆ, ಬಿಬಿಎಯಲ್ಲಿ ಇದರ ಹೆಸರು ವರ್ಕಿಂಗ್ ಕ್ಯಾಪಿಟಲ್. ಗೂಡು ಕೊಂಡ ದಿನದಿಂದ ನೂಲಿನ ದುಡ್ಡು ಕೈಗೆ ಬರೋವರೆಗೆ 10 ದಿನ ಹಿಡಿಯುತ್ತೆ ಅನ್ನಿ. ದಿನಕ್ಕೆ ₹43,000ದಂತೆ 10 ದಿನಕ್ಕೆ ₹4,30,000 ನೂಲಿನ ರೂಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ. ನಮ್ಮವರಿಗೆ ಇದು ಹೊಸದಲ್ಲ. ಕ್ಯೂಯಿಂಗ್ ಥಿಯರಿಯಲ್ಲಿ ಬರುವ ಲಿಟಲ್ಸ್ ಲಾ ಇದೇ: ವ್ಯವಸ್ಥೆಯೊಳಗೆ ಇರುವ ಪ್ರಮಾಣ ಅಂದರೆ ಒಳಗೆ ಬರುವ ವೇಗ ಗುಣಿಸು ಒಳಗೆ ಉಳಿಯುವ ಸಮಯ. ಗ್ರಾಹಕರ ಬದಲು ರೂಪಾಯಿ ಕ್ಯೂ ನಿಂತಿದೆ ಅಷ್ಟೆ.

ಈ ₹4,30,000ವನ್ನು ವರ್ಷಕ್ಕೆ 24% ಬಡ್ಡಿಗೆ ತಂದಿದ್ದರೆ ದಿನಕ್ಕೆ ಸುಮಾರು ₹283 ಬಡ್ಡಿ. ದಿನದ ಲಾಭ ₹1,500ರಲ್ಲಿ ಐದರಲ್ಲೊಂದು ಭಾಗದ ಹತ್ತಿರ ಬಡ್ಡಿಗೇ ಹೋಯಿತು. ನೂಲಿನ ರೇಟು ಬಿದ್ದ ವಾರ "ಇರಲಿ, ಹತ್ತು ದಿನ ಬಿಟ್ಟು ಮಾರೋಣ" ಅನ್ನೋಕೆ ಸಣ್ಣ ರೀಲರ್‌ಗೆ ಆಗಲ್ಲ. ರೈತನಿಗೆ ಚಿಟ್ಟೆ ಹೊರಗೆ ಬರೋ ಭಯ, ರೀಲರ್‌ಗೆ ಬಡ್ಡಿ ಏರೋ ಭಯ. ಇಬ್ಬರೂ ಕಾಯಲಾರರು. ಬಂಡವಾಳ ಇರುವವರು ಮಾತ್ರ ಕಾಯಬಲ್ಲರು, ಬೆಲೆ ಏರಿದಾಗ ಲಾಭವೂ ಅವರದ್ದೇ.

ರಾಮನಗರ ತಾಲ್ಲೂಕಿನ ಬಿಡದಿಯಲ್ಲೇ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 1997ರಲ್ಲಿ ಶುರುವಾದ ಕಂಪನಿ. ಟೊಯೋಟಾ ಅಂದರೆ ಜಸ್ಟ್ ಇನ್ ಟೈಮ್, ಬೇಕಾದಾಗ ಬೇಕಾದಷ್ಟೇ ಸರಕು. ಸರಕು ಕಾಯುತ್ತಾ ಕೂತರೆ ದುಡ್ಡು ಕಾಯುತ್ತಾ ಕೂತಂತೆ ಅನ್ನೋದೇ ಅದರ ಹಿಂದಿನ ಯೋಚನೆ. ಅಲ್ಲಿ ಅದು ಪ್ಲಾನ್. ಕೆಲವೇ ಕಿಲೋಮೀಟರ್ ಆಚೆ ರಾಮನಗರದ ಸಣ್ಣ ರೀಲರ್ ಕೂಡ ಇವತ್ತಿನ ಗೂಡು ಇವತ್ತೇ ತರುತ್ತಾರೆ. ಇಲ್ಲಿ ಅದು ಅನಿವಾರ್ಯ. ನೋಡೋಕೆ ಎರಡೂ ಒಂದೇ ಥರ, ಆದರೆ ಒಂದರಲ್ಲಿ ಆಯ್ಕೆ ಇದೆ, ಇನ್ನೊಂದರಲ್ಲಿ ಇಲ್ಲ.

ಪಾಠ 3: ಅವರೆಕಾಯಿ, ಅಂದರೆ ಒಂದು ಸೀಸನ್

ಮಾಗಡಿ ಅಂದರೆ ಕೆಂಪೇಗೌಡರು, ಸಾವನದುರ್ಗ, ಆಮೇಲೆ ಅವರೆಕಾಯಿ. ಚಳಿಗಾಲ ಬಂತು ಅಂದರೆ ಬೆಂಗಳೂರಿನ ಮನೆಗಳಲ್ಲಿ ಮಾಗಡಿ ಕಡೆ ಸೊಗಡು ಅವರೆ ಹುಡುಕೋರು ಇದ್ದೇ ಇರುತ್ತಾರೆ.

ಇಲ್ಲಿನ ಸಮಸ್ಯೆ ಬೇರೆ. ಗಿಡದಿಂದ ಕಿತ್ತ ಕಾಯಿ ಕೆಲವು ದಿನ ಇರುತ್ತೆ, ಆದರೆ ಬೆಳೆ ಎಲ್ಲರಿಗೂ ಒಂದೇ ಸಮಯಕ್ಕೆ ಬರುತ್ತೆ. ಸೀಸನ್ನಿನ ಮೊದಲ ಕಾಯಿಗೆ ಒಳ್ಳೆ ರೇಟು, ಎಲ್ಲರ ಹೊಲದಿಂದಲೂ ಮೂಟೆ ಬಂದ ವಾರ ರೇಟು ಕುಸಿಯುತ್ತೆ. ಹೋದ ವರ್ಷ ರೇಟು ಚೆನ್ನಾಗಿತ್ತು ಅಂತ ಈ ವರ್ಷ ಎಲ್ಲರೂ ಹಾಕುತ್ತಾರೆ, ರೇಟು ಬೀಳುತ್ತೆ. ಬಿತ್ತಲ್ಲಾ ಅಂತ ಮುಂದಿನ ವರ್ಷ ಬಿಡುತ್ತಾರೆ, ರೇಟು ಏರುತ್ತೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಕಾಬ್‌ವೆಬ್ ಅಂತಾರೆ, ಜೇಡರ ಬಲೆ, ಗ್ರಾಫ್ ಬರೆದರೆ ಹಾಗೇ ಕಾಣುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು: ಫೀಡ್‌ಬ್ಯಾಕ್ ತಡವಾಗಿ ಬಂದರೆ ಸಿಸ್ಟಮ್ ಆಸಿಲೇಟ್ ಆಗುತ್ತೆ. ಇಲ್ಲಿ ಫೀಡ್‌ಬ್ಯಾಕ್ ಬರೋದು ಒಂದು ವರ್ಷ ತಡವಾಗಿ.

ಇಲ್ಲಿನ ಉತ್ತರ ಅಡುಗೆಮನೆಯಲ್ಲಿದೆ. ಕಾಯಿ ಸುಲಿದರೆ ಕಾಳು, ರೇಟು ಹೆಚ್ಚು. ನೆನೆಸಿ ಹಿತುಕಿದರೆ ಹಿತಕಿದ ಬೇಳೆ, ರೇಟು ಇನ್ನೂ ಹೆಚ್ಚು, ಆದರೆ ಬೇಗ ಕೆಡುತ್ತೆ. ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತೆ. ಎಣ್ಣೆಯಲ್ಲಿ ಕರಿದು ಮಿಕ್ಸ್ಚರ್ ಮಾಡಿ ಪ್ಯಾಕೆಟ್ ಹಾಕಿದರೆ ಅಂಗಡಿಯಲ್ಲಿ ವಾರಗಟ್ಟಲೆ ಕೂರುತ್ತೆ. ವ್ಯಾಲ್ಯೂ ಅಡಿಷನ್ ಅಂತ ಪುಸ್ತಕ ಹೇಳುವುದು ಇದನ್ನೇ. ಆದರೆ ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು. ಹಿತುಕಿದ್ದರಿಂದ ಬೆಲೆ ಬಂತು, ಸಮಯ ಹೋಯಿತು. ಒಣಗಿಸಿದ್ದರಿಂದ, ಕರಿದದ್ದರಿಂದ ಸಮಯ ಬಂತು. ಯಾವುದನ್ನು ಆರಿಸಬೇಕು ಅನ್ನೋದು ಗಿರಾಕಿ ಎಷ್ಟು ದೂರ ಇದ್ದಾನೆ ಅನ್ನೋದರ ಮೇಲೆ ನಿಂತಿದೆ. ಬೆಂಗಳೂರು ಹತ್ತಿರ ಇರೋದರಿಂದ ಹಿತಕಿದ ಬೇಳೆಗೂ ವ್ಯಾಪಾರ ಇದೆ. ಬಳ್ಳಾರಿಗೆ ಕಳಿಸೋದಾದರೆ ಮಿಕ್ಸ್ಚರೇ ಗತಿ.

ಪಾಠ 4: ಬೊಂಬೆ, ಅಂದರೆ ವರ್ಷಗಟ್ಟಲೆ

ಚನ್ನಪಟ್ಟಣದ ಬೊಂಬೆ ಕೆಡಲ್ಲ. ಆಲೆ ಮರವನ್ನು ಒಣಗಿಸಿ, ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು. ಹತ್ತು ವರ್ಷ ಆದರೂ ಬೊಂಬೆ ಬೊಂಬೆಯೇ. ಹಾಗಾದರೆ ಕುಶಲಕರ್ಮಿ ಆರಾಮಾಗಿ ಕಾಯಬಹುದು, ಅಲ್ವಾ?

ಇಲ್ಲ. ಬೊಂಬೆ ಕಾಯುತ್ತೆ, ಮನೆ ಖರ್ಚು ಕಾಯಲ್ಲ. ಮಾರಾಟ ಆಗದ ಬೊಂಬೆ ಅಂದರೆ ಕಪಾಟಿನಲ್ಲಿ ಕೂತ ದುಡ್ಡು. ಜೊತೆಗೆ ಇಲ್ಲಿ ಕಾಯುವುದು ಗಿರಾಕಿಗಾಗಿ.

ಬೆಂಗಳೂರು-ಮೈಸೂರು ಹಳೆ ಹೆದ್ದಾರಿ ಚನ್ನಪಟ್ಟಣದ ನಡುವೆಯೇ ಹೋಗುತ್ತಿತ್ತು. ಮೈಸೂರಿಗೆ ಹೋಗೋರು ಕಾರು ನಿಲ್ಲಿಸಿ ಮಕ್ಕಳಿಗೆ ಬೊಂಬೆ ಕೊಳ್ಳುತ್ತಿದ್ದರು. 2023ರ ಮಾರ್ಚ್ 12ರಂದು ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ರಾಮನಗರ, ಚನ್ನಪಟ್ಟಣ ಎರಡಕ್ಕೂ ಬೈಪಾಸ್. ಸಿವಿಲ್ ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಒಳ್ಳೆ ರಸ್ತೆ, ಸಮಯ ಉಳಿಯಿತು. ಆದರೆ ಹಳೆ ರಸ್ತೆ ಬದಿಯ ಅಂಗಡಿಯವರು ವ್ಯಾಪಾರ ಬಿತ್ತು ಅಂದರು. ಪ್ರಯಾಣಿಕರಿಗೆ ಉಳಿದ ಸಮಯ ಅಂಗಡಿಯವರ ಪಾಲಿಗೆ ಹೋದ ಗಿರಾಕಿ.

1960ರಲ್ಲಿ ಜೆರೋಮ್ ಮೆಕಾರ್ಥಿ ಕೊಟ್ಟ ನಾಲ್ಕು ಪಿಗಳನ್ನು ಮಾರ್ಕೆಟಿಂಗ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಇಲ್ಲಿ ಬೊಂಬೆ ಬದಲಾಗಲಿಲ್ಲ, ರೇಟು ಬದಲಾಗಲಿಲ್ಲ. ಪ್ಲೇಸ್ ಒಂದೇ ಬದಲಾಯಿತು, ಅದೂ ಅಂಗಡಿ ಇದ್ದಲ್ಲೇ ಇದ್ದು, ರಸ್ತೆ ಸರಿದು.

ಇದರ ಲೆಕ್ಕವನ್ನೂ ಮಾಡೋಣ, ಮತ್ತೆ ಊಹೆಯ ಅಂಕಿಗಳಲ್ಲಿ. ಅಂಗಡಿ ಬಾಡಿಗೆ ತಿಂಗಳಿಗೆ ₹15,000, ಒಂದು ಬೊಂಬೆಗೆ ಸರಾಸರಿ ₹50 ಉಳಿಯುತ್ತೆ ಅಂದರೆ, ಬಾಡಿಗೆ ಹುಟ್ಟಲು ತಿಂಗಳಿಗೆ 300 ಬೊಂಬೆ ಮಾರಬೇಕು, ದಿನಕ್ಕೆ 10. ಅಂಗಡಿ ಬಿಟ್ಟು ಆನ್‌ಲೈನ್ ಹೋದರೆ ಫೋಟೋ, ಇಂಟರ್‌ನೆಟ್, ಪ್ಯಾಕಿಂಗ್ ಜಾಗ ಸೇರಿ ತಿಂಗಳಿಗೆ ₹4,000 ಸಾಕು. ಆದರೆ ಕಮಿಷನ್, ಕೊರಿಯರ್ ಕಳೆದು ಬೊಂಬೆಗೆ ಉಳಿಯೋದು ₹20. ಬ್ರೇಕ್ ಈವನ್ 200 ಬೊಂಬೆ. ನಷ್ಟದ ಅಪಾಯ ಕಡಿಮೆಯಾಯಿತು, ಲಾಭದ ದಾರಿಯೂ ಕಿರಿದಾಯಿತು. 800 ಬೊಂಬೆ ಮಾರಿದರೆ ಅಂಗಡಿಯಲ್ಲಿ ₹25,000 ಉಳಿಯುತ್ತೆ, ಆನ್‌ಲೈನಿನಲ್ಲಿ ₹12,000. ಫಿಕ್ಸೆಡ್ ಕಾಸ್ಟನ್ನು ವೇರಿಯಬಲ್ ಕಾಸ್ಟಿಗೆ ಬದಲಿಸಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಬೇಕಾ?

ಹೊರಗಿನ ನಿಯಮಗಳನ್ನೂ ನೋಡಬೇಕು. 2020ರಲ್ಲಿ ಆಮದು ಆಟಿಕೆಗಳ ಸುಂಕ 20%ನಿಂದ 60%ಗೆ ಏರಿತು, 2023ರಲ್ಲಿ 70% ಆಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಜಿಐ ಸರಕಿನ ಅಧಿಕೃತ ಬಳಕೆದಾರರಿಗೆ ಇದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಜಿಐ ಇದೆ. ಆದರೆ ಜಿಐ ಇದೆ ಅನ್ನೋದು ಬೇರೆ, ಒಬ್ಬ ಕುಶಲಕರ್ಮಿ ತನ್ನ ಹೆಸರಲ್ಲಿ ನೋಂದಣಿ ಮಾಡಿಸಿಕೊಂಡಿರೋದು ಬೇರೆ. ಆ ಅರ್ಜಿ ತುಂಬಿಸುವ ಕೆಲಸಕ್ಕೆ ಅದೇ ಊರಿನ ಒಬ್ಬ ಬಿಬಿಎ ಹುಡುಗಿ ಅಥವಾ ಹುಡುಗ ಸಾಕು.

ನಾಲ್ಕನ್ನೂ ಒಟ್ಟಿಗೆ ಇಟ್ಟರೆ

ಹಾಲು ಗಂಟೆಗಳಲ್ಲಿ ಕೆಡುತ್ತೆ, ಅದಕ್ಕೆ ರೈತರದೇ ಸಂಘ ಮತ್ತು ಕೂಲರ್. ಗೂಡು ದಿನಗಳಲ್ಲಿ ಕೆಡುತ್ತೆ, ಅದಕ್ಕೆ ನಿಯಮ ಇರುವ ಹರಾಜು. ಅವರೆ ಒಂದೇ ಸೀಸನ್ನಿಗೆ ಸುರಿಯುತ್ತೆ, ಅದಕ್ಕೆ ಒಣಗಿಸುವುದು, ಕರಿಯುವುದು. ಬೊಂಬೆ ಕೆಡಲ್ಲ, ಆದರೆ ಗಿರಾಕಿ ದೂರವಾಗುತ್ತಾನೆ, ಅದಕ್ಕೆ ಗುರುತು ಮತ್ತು ಹೊಸ ದಾರಿ. ಸರಕಿನ ಆಯಸ್ಸು ಎಷ್ಟೋ, ಸಂಸ್ಥೆಯ ಆಕಾರ ಹಾಗೆ.

ನಮಗೆ ಇದರಿಂದ ಏನು? ನಾವು ಮಾಡುವ ಪ್ರಾಜೆಕ್ಟುಗಳಲ್ಲಿ ಅರ್ಧ ಭಾಗ ಸಮಯ ಉಳಿಸುವ ಯಂತ್ರಗಳೇ. ಒಂದು ಉದಾಹರಣೆ: ಗೂಡಿನೊಳಗಿನ ಪ್ಯೂಪಾ ಸಾಯುವಂತೆ ಬಿಸಿ ಗಾಳಿಯಲ್ಲಿ ಒಣಗಿಸಿದರೆ ಚಿಟ್ಟೆ ಹೊರಬರಲ್ಲ, ಗೂಡು ಬಹಳ ದಿನ ಇರುತ್ತೆ. ಸೋಲಾರ್ ಡ್ರೈಯರ್, ಸೆನ್ಸರ್, ಮೊಬೈಲ್ ಆ್ಯಪ್ ಎಲ್ಲ ಹಾಕಿ ಒಳ್ಳೆ ಮಾದರಿ ಮಾಡಬಹುದು. ಆದರೆ ಡ್ರೈಯರ್ ಯಾರ ಹೆಸರಲ್ಲಿ? ಸಾಲ ಯಾರ ತಲೆ ಮೇಲೆ? ತಿಂಗಳಿಗೆ ಒಂದೇ ಬೆಳೆ ತೆಗೆಯುವ ರೈತನ ಮನೆಯಲ್ಲಿ ಅದು ಉಳಿದ ದಿನ ಏನು ಮಾಡುತ್ತೆ? ಹತ್ತು ರೈತರು ಸೇರಿದರೆ ಮೊದಲು ಯಾರ ಗೂಡು? ಒಣಗಿದ ಗೂಡಿಗೆ ತೂಕ ಕಡಿಮೆ, ಹಾಗಾದರೆ ರೇಟು ಹೇಗೆ? ಇವಕ್ಕೆ ಉತ್ತರ ಇಲ್ಲದಿದ್ದರೆ ಡ್ರೈಯರ್ ಎಕ್ಸಿಬಿಷನ್ ಮುಗಿದ ಮೇಲೆ ಲ್ಯಾಬಿನ ಮೂಲೆಯಲ್ಲಿ ಕೂರುತ್ತೆ. ಉತ್ತರ ತಪ್ಪಾದರೆ ಈಗಾಗಲೇ ಕಾಯಬಲ್ಲವನ ಕೈಗೇ ಇನ್ನಷ್ಟು ಕಾಯುವ ಶಕ್ತಿ ಹೋಗುತ್ತೆ.

ಯಂತ್ರ ಸಮಯ ಹುಟ್ಟಿಸುತ್ತೆ. ಆ ಸಮಯ ಯಾರಿಗೆ ಸೇರಬೇಕು ಅಂತ ತೀರ್ಮಾನ ಮಾಡೋದು ಮ್ಯಾನೇಜ್‌ಮೆಂಟ್.

ಸಣ್ಣ ಕಾಲೇಜಿನ ಮಾತು

ಸಣ್ಣ ಕಾಲೇಜಿನ ಕಷ್ಟಗಳು ಸುಳ್ಳಲ್ಲ. ಕ್ಯಾಂಪಸ್ಸಿಗೆ ದೊಡ್ಡ ಕಂಪನಿಗಳು ಬರಲ್ಲ. ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೇ ಓಡಬೇಕು. ಮನೆಯವರು ಇನ್ನೆರಡು ವರ್ಷ ಎಂಬಿಎಗೆ ಕಳಿಸುವಷ್ಟು ಕಾಯಲಾರರು, ಡಿಗ್ರಿ ಮುಗಿದ ತಿಂಗಳೇ ಸಂಬಳ ಬೇಕು. ಕಾಯಲಾರದವರು ಸಿಕ್ಕ ರೇಟಿಗೆ ಒಪ್ಪಿಕೊಳ್ಳಬೇಕು ಅನ್ನೋ ನಿಯಮ ಗೂಡಿಗೆ ಹೇಗೋ ವಿದ್ಯಾರ್ಥಿಗೂ ಹಾಗೇ. ಅದಕ್ಕೇ ಎಷ್ಟೋ ಜನ ಮೊದಲು ಸಿಕ್ಕ ಕೆಲಸಕ್ಕೆ ಸೇರುತ್ತಾರೆ. ಅದು ಅವರ ಬುದ್ಧಿವಂತಿಕೆಯ ಅಳತೆ ಅಲ್ಲ.

ಆದರೆ ಅವರ ಕೈಯಲ್ಲಿ ದೊಡ್ಡ ಕಾಲೇಜಿನವರಿಗೆ ಇಲ್ಲದ ಒಂದು ವಸ್ತು ಇದೆ. ರೀಲರ್ ಶೆಡ್ಡಿನ ಲೆಕ್ಕದ ಪುಸ್ತಕ ನೋಡಬೇಕು ಅಂದರೆ ಹೊರಗಿನವರಿಗೆ ಅನುಮತಿ ಬೇಕು, ಅವರಿಗೆ ಅದು ಮಾವನ ಮನೆ ಅಥವಾ ಪಕ್ಕದ ಬೀದಿ. ದೂರದ ಕಂಪನಿಯ ಬಗ್ಗೆ ಹತ್ತು ಪುಟ ಇಳಿಸಿಕೊಳ್ಳುವ ಪ್ರಾಜೆಕ್ಟಿನ ಬದಲು, ಒಂದು ಶೆಡ್ಡಿನ ಒಂದು ತಿಂಗಳ ಲೆಕ್ಕ ಬರೆದರೆ ಇಂಟರ್‌ವ್ಯೂನಲ್ಲಿ ಹೇಳೋಕೆ ತನ್ನದೇ ಮಾತು ಇರುತ್ತೆ.

ಕೊನೆಗೆ ಒಂದು ಅಭ್ಯಾಸ. ನಮ್ಮ ಕ್ಲಬ್ಬಿನವರು ಮೈಸೂರು ಕಡೆ ಟ್ರಿಪ್ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆ ರಸ್ತೆಗೆ ಇಳಿಯಿರಿ. ಯಾವುದಾದರೂ ಒಂದು ಅಂಗಡಿ, ಶೆಡ್ಡು ಅಥವಾ ಡೈರಿ ಮುಂದೆ ನಿಂತು ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಅವರಿಗೆ ಬಿಡುವಿದ್ದಾಗ ಮಾತ್ರ ಕೇಳಿ, ಏನಾದರೂ ಕೊಂಡು ಕೇಳಿದರೆ ಇನ್ನೂ ಒಳ್ಳೆಯದು.

1. ಸರಕು ಎಷ್ಟು ಹೊತ್ತು ಇಟ್ಟರೂ ಕೆಡಲ್ಲ?
2. ಹಾಕಿದ ದುಡ್ಡು ವಾಪಸ್ ಕೈಗೆ ಬರಲು ಎಷ್ಟು ದಿನ ಬೇಕು?
3. ವ್ಯಾಪಾರ ಇಲ್ಲದ ದಿನವೂ ತಪ್ಪದ ಖರ್ಚು ಯಾವುದು?
4. ರೇಟು ಹೇಳುವವರು ಯಾರು, ಬೇಡ ಅನ್ನಬಲ್ಲವರು ಯಾರು?
5. ಒಂದು ಯಂತ್ರ ತಂದುಕೊಟ್ಟರೆ ಈ ನಾಲ್ಕರಲ್ಲಿ ಯಾವ ಉತ್ತರ ಬದಲಾಗುತ್ತೆ, ಯಾರ ಪರವಾಗಿ?

ಮೊದಲ ನಾಲ್ಕು ಪ್ರಶ್ನೆ ಬಿಬಿಎಯವರು ದಿನಾ ಓದುವ ವಿಷಯ. ಐದನೆಯದು ನಮ್ಮದು. ಮೊದಲ ನಾಲ್ಕು ಗೊತ್ತಿಲ್ಲದೆ ಐದಕ್ಕೆ ಉತ್ತರ ಬರೆಯೋಕೆ ಆಗಲ್ಲ.